ಪರದೆ ಇಲ್ಲದ ಪೆನ್ ಟ್ಯಾಬ್ಲೆಟ್: ವರ್ಷಗಟ್ಟಲೆ ಬಳಸಿದ ಮೇಲಿನ ಮಾತು

ಇದು ಪರದೆ ಇಲ್ಲದ, ಮೀಡಿಯಂ ಸೈಜಿನ ಪೆನ್ ಟ್ಯಾಬ್ಲೆಟ್ ಬಗ್ಗೆ, ಅಂದರೆ ಕಂಪ್ಯೂಟರ್‌ಗೆ ಜೋಡಿಸಿ ಮೇಲೆ ಪೆನ್ ಆಡಿಸಿದರೆ ಮಾನಿಟರ್‌ನಲ್ಲಿ ಗೆರೆ ಮೂಡುವ ಹಲಗೆ. ಡಿಸೈನ್ ನನ್ನ ಹೊಟ್ಟೆಪಾಡು. ಲೋಗೊ, ಪ್ಯಾಕೇಜಿಂಗ್, ಫೋಟೊ ರಿಟಚಿಂಗ್, ಆಗಾಗ ಚಿತ್ರ ಬರೆಯುವ ಕೆಲಸ, ಎಲ್ಲಕ್ಕೂ ವರ್ಷಗಳಿಂದ ಇದೇ ಟ್ಯಾಬ್ಲೆಟ್. ಯಂತ್ರಕ್ಕೆ ಹತ್ತಿರ ಹತ್ತಿರ ಪೂರ್ತಿ ಅಂಕ ಕೊಡುತ್ತೇನೆ. ಅದನ್ನು ಕಂಪ್ಯೂಟರ್ ಜೊತೆ ಹೊಂದಿಸುವ ಸಾಫ್ಟ್‌ವೇರ್‌ಗೆ, ಅಂದರೆ ಡ್ರೈವರ್‌ಗೆ, ಅರ್ಧವನ್ನೂ ಕೊಡಲಾರೆ. ಕೊಳ್ಳುವಾಗ ನಾವೆಲ್ಲ ನೋಡುವುದು ಯಂತ್ರವನ್ನು, ಆಮೇಲೆ ದಿನಾ ಒದ್ದಾಡುವುದು ಡ್ರೈವರ್ ಜೊತೆ.

ಮೊದಲು ಕುತ್ತಿಗೆ ವಿಷಯ. ಪರದೆ ಇರುವ ಟ್ಯಾಬ್ಲೆಟ್ ಚೆಂದ, ಗೆರೆ ಎಳೆದಲ್ಲೇ ಕಾಣುತ್ತದೆ, ನಿಜ. ಆದರೆ ಇಡೀ ದಿನ ಅದರ ಮೇಲೆ ಬಗ್ಗಿ ಕೂರಬೇಕು. ಇದರಲ್ಲಿ ಹಾಗಿಲ್ಲ. ಕೈ ಮೇಜಿನ ಮೇಲೆ, ಕಣ್ಣು ಎದುರಿನ ಮಾನಿಟರ್ ಮೇಲೆ, ಬೆನ್ನು ನೆಟ್ಟಗೆ. ಗೆರೆಗೆ ಕೈಯೇ ಅಡ್ಡ ಬರುವುದಿಲ್ಲ. ಶುರುವಿನಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ ಅನ್ನಿಸಿ ರೇಗುತ್ತದೆ. ಆಗ ಮೌಸನ್ನು ಡ್ರಾಯರ್‌ನಲ್ಲಿಟ್ಟು ಫೈಲ್ ತೆರೆಯುವುದರಿಂದ ಹಿಡಿದು ಎಲ್ಲವನ್ನೂ ಪೆನ್ನಿನಲ್ಲೇ ಮಾಡಿ, ಬೇಗ ಕೈಗೆ ಹತ್ತುತ್ತದೆ.

ಪೆನ್ನಿಗೆ ಬ್ಯಾಟರಿ ಇಲ್ಲ. ಟ್ಯಾಬ್ಲೆಟ್ ಒಳಗಿನ ಸುರುಳಿಗಳು ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಅದು ತನಗೆ ಬೇಕಾದ ಶಕ್ತಿ ಪಡೆಯುತ್ತದೆ. ಚಾರ್ಜ್ ಮಾಡುವ ಚಿಂತೆ ಇಲ್ಲ, ಪೆನ್ ಹಗುರ. ಇದಕ್ಕೆ ಇನ್ನೊಂದು ಮುಖವೂ ಇದೆ. ಪಕ್ಕದಲ್ಲಿ ಸ್ಪೀಕರ್, ಆಯಸ್ಕಾಂತವಿರುವ ಕವರಿನ ಫೋನ್, ಚಾರ್ಜರ್ ಏನಾದರೂ ಇದ್ದರೆ ಕರ್ಸರ್ ನಡುಗಬಹುದು. ಟ್ಯಾಬ್ಲೆಟ್ ಕೆಟ್ಟಿತು ಅಂತ ವಾಪಸ್ ಕಳಿಸುವ ಮುಂಚೆ ಮೇಜು ಖಾಲಿ ಮಾಡಿ ನೋಡಿ.

ಡಬ್ಬಿ ಮೇಲೆ ದೊಡ್ಡದಾಗಿ 8192 ಪ್ರೆಶರ್ ಲೆವೆಲ್ (ಪೆನ್ನಿನ ಒತ್ತಡ ಅಳೆಯುವ ಹಂತಗಳು) ಅಂತ ಬರೆದಿರುತ್ತಾರಲ್ಲ, ಅದನ್ನು ನೋಡಿ ಮರುಳಾಗಬೇಡಿ. 2048ಕ್ಕೂ ಅದಕ್ಕೂ ನನ್ನ ಕೈಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೇರೆಯದು: ಗೆರೆ ಶುರುವಾಗಲು ಎಷ್ಟು ಒತ್ತಬೇಕು ಅನ್ನುವುದು. ಪೆನ್ ಸುಮ್ನೆ ತಾಗಿದರೂ ತೆಳುವಾದ ಗೆರೆ ಮೂಡಬೇಕು. ಅದು ಮೂಡದಿದ್ದರೆ ದಿನವಿಡೀ ಒತ್ತಿ ಒತ್ತಿ ಬೆರಳು ಸೋಲುತ್ತದೆ. ಹಾಗಾಗಿ ಡ್ರೈವರ್‌ನಲ್ಲಿ ಪ್ರೆಶರ್ ಕರ್ವ್ (ಎಷ್ಟು ಒತ್ತಿದರೆ ಎಷ್ಟು ಗೆರೆ ಅನ್ನುವ ಹೊಂದಿಕೆ) ಅನ್ನು ಸ್ವಲ್ಪ ಮೆತ್ತಗೆ ಮಾಡಿಕೊಳ್ಳಿ. ನಿಮ್ಮ ಕೈ ಭಾರವಾದರೆ ಇದರ ಉಲ್ಟಾ.

ಇನ್ನೊಂದು ಸೆಟ್ಟಿಂಗ್ ಬಹಳ ಜನ ಮುಟ್ಟುವುದೇ ಇಲ್ಲ. ಮಾನಿಟರ್‌ನ ಅಗಲ ಎತ್ತರದ ಅನುಪಾತ, ಟ್ಯಾಬ್ಲೆಟ್‌ನದ್ದು ಒಂದೇ ಆಗಿರುವುದಿಲ್ಲ. ಹಾಗೇ ಬಿಟ್ಟರೆ ಕೈಯಲ್ಲಿ ದುಂಡಗೆ ಎಳೆದ ವೃತ್ತ ಪರದೆ ಮೇಲೆ ಮೊಟ್ಟೆಯಾಗುತ್ತದೆ. ಅನುಪಾತ ಉಳಿಸಿಕೊಳ್ಳುವ ಆಯ್ಕೆ ಹಾಕಿದರೆ ಟ್ಯಾಬ್ಲೆಟ್‌ನ ಒಂದು ಅಂಚು ದಂಡವಾಗುತ್ತದೆ. ಆಗಲಿ ಬಿಡಿ. ಎರಡು ಮಾನಿಟರ್ ಇದ್ದವರು ಟ್ಯಾಬ್ಲೆಟ್ಟನ್ನು ಒಂದಕ್ಕೆ ಮಾತ್ರ ಕಟ್ಟಿ, ಇನ್ನೊಂದಕ್ಕೆ ಹಾರಲು ಪೆನ್ನಿನ ಒಂದು ಬಟನ್ ಇಟ್ಟುಕೊಳ್ಳಿ. ಎರಡಕ್ಕೂ ಹರಡಿದರೆ ಸಣ್ಣದಾಗಿ ಕೈ ಆಡಿಸಿದರೂ ಕರ್ಸರ್ ಎಲ್ಲೋ ಓಡುತ್ತದೆ, ಮಾಸ್ಕಿಂಗ್‌ನಂಥ (ಚಿತ್ರದ ಬೇಕಾದ ಭಾಗವನ್ನಷ್ಟೇ ಬಿಡಿಸಿಕೊಳ್ಳುವ) ನಾಜೂಕಿನ ಕೆಲಸ ಆಗುವುದೇ ಇಲ್ಲ.

ಈಗ ಡ್ರೈವರ್. ಇದರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ವಿಂಡೋಸ್‌ನಲ್ಲಿ ಪೆನ್ ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ಸೌಲಭ್ಯವೊಂದಿದೆ. ಚಿತ್ರ ಬರೆಯುವವನಿಗೆ ಅದು ಶುದ್ಧ ತೊಂದರೆ. ಗೆರೆ ಶುರುವಾಗುವ ಹೊತ್ತಿಗೆ ಸುತ್ತ ಒಂದು ಬಳೆ ಮೂಡಿ ಕೆಲಸ ಅಲ್ಲೇ ನಿಲ್ಲುತ್ತದೆ. ಅದನ್ನು ತಪ್ಪಿಸಲು ವಿಂಡೋಸ್‌ನದೇ ಪೆನ್ ವ್ಯವಸ್ಥೆಯಾದ ವಿಂಡೋಸ್ ಇಂಕ್ ಆಫ್ ಮಾಡಿದರೆ ಫೋಟೊಶಾಪ್‌ನಲ್ಲಿ ಪ್ರೆಶರ್ರೇ ಹೋಗಬಹುದು. ಆಗ ಅದರ ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿ ಒಂದೇ ಸಾಲಿನ ಟೆಕ್ಸ್ಟ್ ಫೈಲ್ ಇಟ್ಟು, ಪೆನ್ನಿನ ಒತ್ತಡ ತಿಳಿಸುವ ಹಳೆಯ ವಿನ್‌ಟ್ಯಾಬ್ ದಾರಿಗೆ ತಿರುಗಿಸಬೇಕು. ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಾದರೆ ಸೆಟ್ಟಿಂಗ್ಸ್ ಒಳಗೇ ಇದಕ್ಕೆ ಆಯ್ಕೆ ಇದೆ. ಮ್ಯಾಕ್ ಕಥೆ ಬೇರೆ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಆವೃತ್ತಿ ಕ್ಯಾಟಲಿನಾದಿಂದ ಡ್ರೈವರ್‌ಗೆ ಆಕ್ಸೆಸಿಬಿಲಿಟಿ ಜೊತೆಗೆ ಇನ್‌ಪುಟ್ ಮಾನಿಟರಿಂಗ್ ಅನುಮತಿಯನ್ನೂ ಕೊಡಬೇಕು. ಅಪ್‌ಡೇಟ್ ಆದ ಮೇಲೆ ಪಟ್ಟಿಯಲ್ಲಿ ಟಿಕ್ ಇದ್ದರೂ ಪೆನ್ ಸತ್ತಂತೆ ಇರುತ್ತದೆ. ಪಟ್ಟಿಯಿಂದ ಡ್ರೈವರ್ ಹೆಸರನ್ನು ತೆಗೆದು ಮತ್ತೆ ಸೇರಿಸಿದರೆ ಜೀವ ಬರುತ್ತದೆ.

ಇದೆಲ್ಲ ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ಹೊಸದಾಗಿ ಕೊಂಡ ವಿದ್ಯಾರ್ಥಿಗೆ ಇದನ್ನು ಯಾರು ಹೇಳುತ್ತಾರೆ? ಪೆಟ್ಟಿಗೆಯೊಳಗಿನ ಕಾಗದದಲ್ಲಿ ಒಂದಕ್ಷರವೂ ಇಲ್ಲ. ತನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಟ್ಯಾಬ್ಲೆಟ್ ಮೂಲೆಗಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಕೆಲಸ ಒಪ್ಪಿಸುವ ದಿನ ಹತ್ತಿರ ಇದ್ದಾಗ ಡ್ರೈವರ್ ಅಪ್‌ಡೇಟ್ ಮಾಡಲೇಬೇಡಿ. ಸರಿಯಾಗಿ ನಡೆಯುತ್ತಿರುವ ಡ್ರೈವರ್‌ನ ಇನ್‌ಸ್ಟಾಲರ್ ಮತ್ತು ಸೆಟ್ಟಿಂಗ್ಸ್ ಬ್ಯಾಕಪ್ ಎರಡನ್ನೂ ಬೇರೆ ಕಡೆ ಉಳಿಸಿಟ್ಟುಕೊಳ್ಳಿ. ಬೇರೆ ಕಂಪನಿಯ ಟ್ಯಾಬ್ಲೆಟ್ ಮುಂಚೆ ಇದ್ದರೆ ಅದರ ಡ್ರೈವರನ್ನು ಪೂರ್ತಿ ಕಿತ್ತುಹಾಕಿ, ಎರಡೂ ಒಟ್ಟಿಗೆ ಬಾಳುವುದು ಕಷ್ಟ.

ನಿಬ್, ಅಂದರೆ ಪೆನ್ನಿನ ತುದಿ, ಸವೆಯುತ್ತದೆ, ಅದು ಸಹಜ. ಒಂದು ಕಡೆ ಚಪ್ಪಟೆಯಾಗಿ ಅಂಚು ಚೂಪಾದ ಕೂಡಲೇ ಬದಲಿಸಿ, ಇಲ್ಲದಿದ್ದರೆ ಟ್ಯಾಬ್ಲೆಟ್ ಮೈ ಗೀರುತ್ತದೆ. ಒರಟು ಮೈ ಕಾಗದದ ಹಿತ ಕೊಡುತ್ತದೆ, ನಿಬ್ಬನ್ನೂ ಬೇಗ ತಿನ್ನುತ್ತದೆ. ನನಗೆ ಒರಟೇ ಇಷ್ಟ.

ಸೈಜು ಕೇಳುವವರಿಗೆ: ರಿಟಚಿಂಗ್ ಮಾತ್ರ ಮಾಡುವವರಿಗೆ ಸ್ಮಾಲ್ ಸಾಕು, ಉದ್ದ ಗೆರೆ ಎಳೆಯುವವರಿಗೆ ಮೀಡಿಯಂ ಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಒಂದು ಸ್ಕೇಲ್ ಒಯ್ಯಿರಿ. ಟ್ಯಾಬ್ಲೆಟ್ ಮೇಲೆ ಓರೆಯಾಗಿ ಇಟ್ಟು ನಿಧಾನಕ್ಕೆ ಗೆರೆ ಎಳೆಯಿರಿ, ಗೆರೆಯ ನಡುಕವನ್ನು ತಾನೇ ತಿದ್ದುವ ಸ್ಟೆಬಿಲೈಸರ್ ಆಫ್ ಇರಲಿ. ಗೆರೆ ಅಲೆ ಅಲೆಯಾಗಿ ಬಂದರೆ ಬೇಡ. ಆಮೇಲೆ ಕೇಬಲ್ ತೂರಿಸುವ ಜಾಗವನ್ನು ಮೆಲ್ಲಗೆ ಅಲುಗಾಡಿಸಿ ನೋಡಿ, ಕನೆಕ್ಷನ್ ಬಿಟ್ಟು ಬಿಟ್ಟು ಬಂದರೆ ಎಷ್ಟೇ ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.