ಆರು ವರ್ಷ, ಒಂದು ವ್ಯಾಗನ್‌ಆರ್, ಡ್ರಾಯರಿನೊಳಗೆ ಅರಚುವ ಒಂದು ಫೋನು

ಕಾರಿನ ಇನ್ಶೂರೆನ್ಸ್ ರೇಟುಗಳನ್ನ ಅಕ್ಕಪಕ್ಕ ಇಟ್ಟು ತೋರಿಸೋ ಆ್ಯಪ್ ಒಂದನ್ನ 2019ರಿಂದ 2024ರವರೆಗೆ ಆರು ಸಲ ಬಳಸಿದ್ದೀನಿ. ಹೆಸರು ಹಾಕಲ್ಲ. ಇಂಥವು ಇನ್ನೂ ಇವೆ, ಮಧ್ಯೆ ಒಂದೆರಡನ್ನ ಇಣುಕಿ ನೋಡಿದ್ದೀನಿ, ಎಲ್ಲದರ ಚಾಳಿಯೂ ಒಂದೇ. ಯಾವ ಬಟನ್ ಎಲ್ಲಿದೆ, ಎಷ್ಟು ಕಂಪನಿ ಸೇರಿವೆ ಅನ್ನೋದೆಲ್ಲ ನಿಮಗೆ ಗೊತ್ತಿರೋದೇ. ನಾನು ಬರೀತಿರೋದು ಬೇರೆ ಸಂಕಟಕ್ಕೆ.

ನನ್ನದು ಮಂಡ್ಯ ಪಕ್ಕದ ಹಳ್ಳಿ. ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ. ಕಾರು 2016ರ ವ್ಯಾಗನ್‌ಆರ್, ಕೆಎ 11. ವಾರಕ್ಕೆರಡು ಸಲ ಮಂಡ್ಯ, ಆಗೀಗ ಗೆಜ್ಜಲಗೆರೆಯಲ್ಲಿ ಮೀಟಿಂಗು, ತಿಂಗಳಿಗೊಮ್ಮೆ ಮೈಸೂರಲ್ಲಿ ಓದೋ ಮಗಳನ್ನ ಬಿಟ್ಟು ಬರೋದು. ಇಷ್ಟೇ ಓಡಾಟ. ಇನ್ಶೂರೆನ್ಸಿಗೆ ಐದು ಸಾವಿರದ ಮೇಲೆ ಒಂದು ರೂಪಾಯಿ ಕೊಡಲ್ಲ ಅನ್ನೋದು ನಾನೇ ಹಾಕಿಕೊಂಡ ಗೆರೆ. ದೊಡ್ಡ ಕಾರಿನವರಿಗೆ ಈ ವಿಮರ್ಶೆಯಿಂದ ಏನೂ ಉಪಯೋಗ ಇಲ್ಲ, ಮುಂದೆ ಹೋಗಬಹುದು.

ಪ್ರತಿ ಆಗಸ್ಟಿನ ಎರಡನೇ ವಾರ ಇದೊಂದು ವ್ರತ. ಬೆಳಗಿನ ಹಾಲು ಮುಗಿದು, ಕ್ಯಾನುಗಳು ಲಾರಿ ಹತ್ತಿ, ನೆಲ ತೊಳೆದ ಮೇಲೆ ಒಂಬತ್ತೂವರೆಯಿಂದ ಸಂಜೆ ಹಾಲಿನವರೆಗೆ ಹೊತ್ತು ನಂದೇ. ಕಿಟಕಿ ಪಕ್ಕ ಕುರ್ಚಿ ಎಳಕೊಂಡು, ಒಂದು ಲೋಟ ಕಾಫಿ ಇಟ್ಟುಕೊಂಡು (ಮನೆಯಿಂದ ಬಂದದ್ದು, ಸಂಘದ ಹಾಲಲ್ಲ, ಹೇಳದಿದ್ದರೆ ಮಾತು ಬರುತ್ತೆ), ಡೈರಿಯ ಡೈರಿ ತೆಗೀತೀನಿ. ಹಿಂದಿನ ಪುಟಗಳಲ್ಲಿ ಆರು ವರ್ಷದ ರೇಟೂ ಇದೆ. ಆ್ಯಪ್ ಮೊದಲು ತೋರಿಸಿದ್ದು ನೀಲಿ ಶಾಯಿ, ಕೊನೆಗೆ ನಾನು ಕಟ್ಟಿದ್ದು ಕೆಂಪು. ಆರರಲ್ಲಿ ಒಂದು ವರ್ಷವೂ ನೀಲಿ ಕೆಂಪು ಒಂದಾಗಿಲ್ಲ.

ಮೊದಲ ಪರದೆಯಲ್ಲಿ ದಪ್ಪ ಅಕ್ಷರದಲ್ಲಿ "2,094 ರೂಪಾಯಿಯಿಂದ ಶುರು" ಅಂತ ಇರುತ್ತೆ. ಇದನ್ನ ನೋಡಿ ಎಷ್ಟು ಜನ ಕುಣಿದಿದ್ದಾರೋ. ಅದು ಆ್ಯಪಿನ ಔದಾರ್ಯ ಅಲ್ಲ, ಯಾವ ಕಂಪನಿಯ ರಿಯಾಯಿತಿಯೂ ಅಲ್ಲ. 1,000 ಸಿಸಿ ಒಳಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿಗೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಯ ಇನ್ಶೂರೆನ್ಸಿಗೆ, ಸರ್ಕಾರ 2022ರ ಜೂನ್ 1ರಿಂದ ಗೊತ್ತು ಮಾಡಿದ ದರ. 1,000ದಿಂದ 1,500 ಸಿಸಿಗೆ 3,416, ಅದರ ಮೇಲಿನದಕ್ಕೆ 7,897. ಯಾವ ಕಂಪನಿಗೆ ಹೋದರೂ ಇಷ್ಟೇ, ಮೇಲೆ ಜಿಎಸ್‌ಟಿ. ನನ್ನ ಕಾರಿಗೆ ಇದು 2019ರಲ್ಲಿ 2,072 ಇತ್ತು, ಏರಿದ್ದು 22 ರೂಪಾಯಿ. ಅಂದರೆ ಚೌಕಾಸಿ ಏನಿದ್ದರೂ ನಮ್ಮ ಕಾರಿಗೆ ಆಗೋ ಹಾನಿಯ ಭಾಗದ ಮೇಲೆ ಮಾತ್ರ. ಇದು ನನಗೆ ಗೊತ್ತಾಗಿದ್ದು ಮೂರನೇ ವರ್ಷ. ಅಲ್ಲಿವರೆಗೆ ಎಲ್ಲರೂ ಕಾಣೋ ದೊಡ್ಡ ನಂಬರನ್ನೇ ನಾನೂ ನೋಡ್ತಿದ್ದೆ.

ಗಾಡಿ ನಂಬರ್ ಹೊಡೆದರೆ ಮಾಡೆಲ್ಲು, ವರ್ಷ ಎಲ್ಲ ತಾನೇ ಬರುತ್ತೆ. ಭಲೇ ಅನ್ನೋ ಹೊತ್ತಿಗೆ ಫೋನ್ ನಂಬರ್ ಕೇಳುತ್ತೆ. ಕೊಡೋವರೆಗೂ ರೇಟು ಕಾಣಲ್ಲ. ನಮ್ಮಲ್ಲಿ ಹಾಲಿನ ರೇಟು ಗೋಡೆ ಮೇಲಿದೆ. ಫ್ಯಾಟ್ ಇಷ್ಟಿದ್ದರೆ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) 8.5 ಇರಬೇಕು, ಸುರಿಯೋ ಮೊದಲೇ ಯಾರು ಬೇಕಾದರೂ ಓದಬಹುದು, ಸುರಿದ ಮೇಲೆ ಚೀಟಿ ಬರುತ್ತೆ. "ಮೊದ್ಲು ನಿನ್ ಮೊಬೈಲ್ ನಂಬರ್ ಕೊಡು, ಆಮೇಲೆ ರೇಟ್ ಹೇಳ್ತೀನಿ" ಅಂತ ನಾನೇನಾದರೂ ಅಂದಿದ್ದರೆ ಹಾಲು ನನ್ನ ತಲೆ ಮೇಲೆ ಸುರೀತಿದ್ದರು.

2019ರಲ್ಲಿ ಗೊತ್ತಿಲ್ಲದೆ ಕೊಟ್ಟೆ. ಪರದೆ ತಿರುಗಿಸೋದರೊಳಗೆ ಮೊದಲ ಫೋನು. ಆಮೇಲೆ ಹದಿನೈದು ದಿನ ನಿಲ್ಲಲೇ ಇಲ್ಲ. 1909ಕ್ಕೆ ಹೇಳಿ ಜಾಹೀರಾತು ಕರೆ ನಿಲ್ಲಿಸಿದ್ದೆ, ಉಪಯೋಗ ಆಗಲಿಲ್ಲ; "ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಸರ್" ಅಂದರು. ಹುಡುಕಿ ನೋಡಿದರೆ ಹೌದು, ನಂಬರಿನ ಕೆಳಗೆ ಇರುವೆ ಗಾತ್ರದ ಅಕ್ಷರ, ಪಕ್ಕದಲ್ಲಿ ಅವರೇ ಹಾಕಿಟ್ಟ ಟಿಕ್ಕು. ಅವರ ಫೋನ್ ಬರೋದೂ ಸರಿಯಾಗಿ ಸಂಜೆ ಹಾಲಿನ ಹೊತ್ತಿಗೆ. ಒಂದು ಕೈಯಲ್ಲಿ ಅಳತೆ ಪಾತ್ರೆ, ಇನ್ನೊಂದು ಕೈ ಒದ್ದೆ, ಹಿಂದೆ ನಲವತ್ತು ಜನರ ಸಾಲು, ಜೇಬಿನಲ್ಲಿ ಫೋನು ಒದ್ದಾಡ್ತಿರುತ್ತೆ. "ಸೆಕ್ರೆಟ್ರಿ ಸಾ, ತಗಳಿ ತಗಳಿ, ನಿಮ್ ಇನ್ಸೂರೆನ್ಸವ್ಳೇ ಇರ್‍ಬೇಕು" ಅಂತ ಸಾಲಿನಿಂದ ಕೂಗು. ಮನೆವರೆಗೂ ಹೋಯ್ತು ಮಾತು.

ಫೋನಿನ ಕಾಟವಾದರೂ ತಡಕೊಂಡೇನು. ರೇಟು ಒಂದೊಂದು ಪರದೆಗೆ ಒಂದೊಂದು ವೇಷ ಹಾಕೋದೇ ನನಗೆ ಆಗದ್ದು. 2024ರ ಪುಟ ಮುಂದಿಟ್ಟುಕೊಂಡೇ ಹೇಳ್ತೀನಿ. ಅತಿ ಕಡಿಮೆ ಅಂತ ಮೇಲೆ ತೋರಿಸಿದ್ದು ಜಿಎಸ್‌ಟಿ ಸೇರಿ 4,037. ನೀಲಿ ಶಾಯಿ. ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ಕಂಪನಿ ಕೊಡೋ ಮೊತ್ತ, ಎಷ್ಟು ಹಿಡಿದಿದ್ದಾರೆ ಅಂತ ಹುಡುಕಿದರೆ 1,30,000. ನನ್ನ ಗಾಡಿಯನ್ನ ಗ್ಯಾರೇಜಿನವನೇ ಎರಡು ಲಕ್ಷದ ಮೇಲೆ ಕೇಳಿದ್ದ. ಐದು ವರ್ಷದವರೆಗೆ ಇದಕ್ಕೊಂದು ಸವಕಳಿ ಪಟ್ಟಿ ಇದೆ; ದಾಟಿದ ಮೇಲೆ ಗ್ರಾಹಕ, ಕಂಪನಿ ಇಬ್ಬರೂ ಒಪ್ಪಿದ ಬೆಲೆ ಅಂತ ನಿಯಮ. ಇಲ್ಲಿ ನನ್ನ ಪರವಾಗಿ ಆ್ಯಪೇ ಒಪ್ಪಿಬಿಟ್ಟಿತ್ತು. ಎರಡು ಲಕ್ಷಕ್ಕೆ ಏರಿಸಿದಾಗ ಬಂದದ್ದು 4,880. ಅಂದರೆ 843 ರೂಪಾಯಿ ಅಗ್ಗ ಅಂತ ತೋರಿಸೋಕೆ ನನ್ನ ಕಾರಿನಿಂದ 70 ಸಾವಿರ ಕಿತ್ತು ಆಚೆಗಿಟ್ಟಿದ್ದರು. ಇನ್ನೊಂದು ಗುಟ್ಟು ಕೇಳಿ: ರಿಪೇರಿ ಖರ್ಚು ಐಡಿವಿಯ ಮುಕ್ಕಾಲು ಭಾಗ ದಾಟಿದರೆ ಗಾಡಿಯನ್ನ ಪೂರ್ತಿ ಹೋದದ್ದು ಅಂತಲೇ ಲೆಕ್ಕ ಹಾಕ್ತಾರೆ. 1,30,000ಕ್ಕೆ ಮುಕ್ಕಾಲು ಅಂದರೆ 97,500. ಚೆನ್ನಾಗಿ ಓಡೋ ಗಾಡಿಗೆ ಲಕ್ಷದ ಒಂದು ಏಟು ಬಿದ್ದರೆ ಸಾಕು, ಅವರು ಕೊಟ್ಟಷ್ಟು ಇಸ್ಕೊಂಡು ಕಾರು ಮರೀಬೇಕು.

ಇದಾದ ಮೇಲೆ ಕೇಳದ ಟಿಕ್ಕುಗಳು. ಪ್ರಯಾಣಿಕರಿಗೆ ಕವರು, ರಸ್ತೆಯಲ್ಲಿ ನಿಂತರೆ ಸಹಾಯ, ಮಾಲೀಕ-ಚಾಲಕರ 15 ಲಕ್ಷದ ಅಪಘಾತ ಕವರು. ಕೊನೆಯದು ಕಡ್ಡಾಯ ಹೌದು, ಆದರೆ ಸ್ಕೂಟರಿನ ಪಾಲಿಸಿಯಲ್ಲಿ ಆಗಲೇ ಇದ್ದರೆ ಕಾರಿಗೂ ಕಟ್ಟಬೇಕಿಲ್ಲ. ನಾನು ಎರಡು ವರ್ಷ ಎರಡಕ್ಕೂ ಕಟ್ಟಿದ್ದೆ, ಪೆದ್ದನ ಹಾಗೆ.

2022ರ ನವೆಂಬರಲ್ಲಿ ಈ ಕಾಗದದ ಬೆಲೆ ಏನು ಅಂತ ಗೊತ್ತಾಯ್ತು. ಮಗಳನ್ನ ಮೈಸೂರಿಗೆ ಬಿಟ್ಟು ವಾಪಸು ಬರ್ತಿದ್ದೆ. ಹೆದ್ದಾರಿ ಬಿಟ್ಟು ಊರ ದಾರಿಗೆ ತಿರುಗಿ ಎರಡು ಕಿಲೋಮೀಟರ್ ಆಗಿರಬಹುದು. ಕಬ್ಬು ಕಡಿಯೋ ಕಾಲ. ಎದುರಿಂದ ಬೈಕಿನ ಲೈಟು ಕಣ್ಣಿಗೆ ಹೊಡೀತು, ಅದು ದಾಟಿದ ಕೂಡಲೇ ಮುಂದೆ ಗೋಡೆ ಥರ ಏನೋ ನಿಂತಿತ್ತು. ಟ್ರಾಕ್ಟರಿನ ಟ್ರೈಲರು. ಹಿಂದೆ ದೀಪ ಇಲ್ಲ. ಹೊಳೆಯೋ ಸ್ಟಿಕ್ಕರ್ ಇರಬೇಕಾದ ಜಾಗದಲ್ಲಿ ಕಬ್ಬಿನ ಸೋಗೆ ಜೋತಾಡ್ತಿತ್ತು. ಬ್ರೇಕು ಹಿಡಿದೆ, ಮುಕ್ಕಾಲು ಪಾಲು ಹಿಡೀತು. ಬಂಪರ್ರು, ಎಡಗಡೆ ಹೆಡ್‌ಲೈಟು, ಬಾನೆಟ್ಟು ಹೋಯ್ತು. ಬಾನೆಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕಬ್ಬಿನ ಜಲ್ಲೆ ಮನೆವರೆಗೂ ಬಂತು. ಟ್ರಾಕ್ಟರು ನೋಡಿದರೆ ನಮ್ಮ ಸಂಘಕ್ಕೇ ಹಾಲು ಹಾಕುವವರದು. ಅವರ ಮೇಲೆ ಕೇಸು ಬರೆಸಿ ಬೆಳಿಗ್ಗೆ ಆರಕ್ಕೆ ಅವರ ಹಾಲು ಅಳೆಯೋದು ಹೇಗೆ? ನನ್ನ ಪಾಲಿಸಿಯಲ್ಲೇ ಕ್ಲೇಮು ಹಾಕಿದೆ.

ಆ್ಯಪಿನವರಿಗೆ ಫೋನ್ ಮಾಡಿದರೆ ಕಂಪನಿಯ ನಂಬರ್ ಕೊಟ್ಟು ಕೈ ತೊಳಕೊಂಡರು. ಕಂಪನಿಯ ಸರ್ವೇಯರ್ ಮರುದಿನವೇ ಗ್ಯಾರೇಜಿಗೆ ಬಂದು ಫೋಟೋ ತೆಗೆದುಕೊಂಡು ಹೋದರು, ಒಳ್ಳೆ ಮನುಷ್ಯ. ಬಿಲ್ಲು 23,000. ಬಂಪರ್, ಹೆಡ್‌ಲೈಟು ಪ್ಲಾಸ್ಟಿಕ್ಕು, ಅದಕ್ಕೆ ಅರ್ಧ ಕಳೆದರು. ಬಾನೆಟ್ಟು ಲೋಹ, ಆರು ವರ್ಷದ ಗಾಡಿ ಅಂತ ನೂರಕ್ಕೆ 40 ಕಳೆದರು. ಬಣ್ಣದಲ್ಲಿ ಒಂದಷ್ಟು. ಕೊನೆಗೆ ನನ್ನಂಥ ಸಣ್ಣ ಕಾರಿಗೆ ಕಡ್ಡಾಯವಾಗಿ ಕಳೆಯೋ ಒಂದು ಸಾವಿರ. ಕೈಯಿಂದ ಬಿದ್ದದ್ದು 9,050. ಬಂಪರ್ ಟು ಬಂಪರ್ ಕವರ್ ಇದ್ದಿದ್ದರೆ ಆ ಒಂದು ಸಾವಿರ ಬಿಟ್ಟು ಈ ಸವಕಳಿ ಕಳೆಯೋ ಲೆಕ್ಕ ಇರ್ತಿರಲಿಲ್ಲ. ನನ್ನ ಕಾರಿಗೆ ವಯಸ್ಸಾಯ್ತು ಅಂತ ಆ್ಯಪಿನಲ್ಲಿ ಅದು ಕಾಣೋದೇ ನಿಂತಿತ್ತು.

ಒಟ್ಟಿಗೆ ನನ್ನ ಎನ್‌ಸಿಬಿಯೂ ಹೋಯ್ತು. ಕ್ಲೇಮಿಲ್ಲದ ವರ್ಷಗಳಿಗೆ 20, 25, 35, 45, 50 ಅಂತ ಮೆಟ್ಟಿಲು ಹತ್ತೋ ರಿಯಾಯಿತಿ. ನಾನು ತುದಿಯಲ್ಲಿದ್ದೆ, ಒಂದೇ ಏಟಿಗೆ ಸೊನ್ನೆ. ಮತ್ತೆ ಮೇಲೆ ಹತ್ತೋದರೊಳಗೆ ಕಳಕೊಳ್ಳೋದು ನನ್ನ ಕಾರಿನ ಲೆಕ್ಕಕ್ಕೆ ಹತ್ತಿರ ಹತ್ತಿರ ಮೂರೂವರೆ ಸಾವಿರ. ಬಂದದ್ದು 13,950, ಹಾಗಾಗಿ ನಷ್ಟ ಇಲ್ಲ. ಆದರೆ ಕನ್ನಡಿ ಮುರೀತು, ಬಾಗಿಲು ಕೆರೀತು ಅಂತ ಎರಡು ಮೂರು ಸಾವಿರಕ್ಕೆ ಕ್ಲೇಮಿಗೆ ಹೋಗೋರು ಇದ್ದಾರಲ್ಲ, ಅವರು ಒಂದು ಸಲ ಪೆನ್ನು ಹಿಡಿದು ಕೂರಬೇಕು.

2023ರ ಆಗಸ್ಟಲ್ಲಿ ಮತ್ತೆ ಆ್ಯಪ್ ತೆಗೆದೆ. "ಹಿಂದಿನ ವರ್ಷ ಕ್ಲೇಮ್ ಮಾಡಿದ್ದೀರಾ?" ಇಲ್ಲ ಅನ್ನೋದು ಆಗಲೇ ಒತ್ತಿತ್ತು. ಹೌದು ಅಂತ ಬದಲಿಸಿದೆ, ರೇಟು ಏರಿತು. ಐದು ನಿಮಿಷಕ್ಕೆ ಫೋನು. "ಸರ್, ಯಾಕೆ ಹೌದು ಅಂತ ಹಾಕಿದ್ರಿ? ಇಲ್ಲ ಅಂತ ಹಾಕಿ, ಸಾವಿರದ ಮೇಲೆ ಉಳಿಯುತ್ತೆ." ಹಾಲಿಗೆ ನೀರು ಬೆರೆಸಿ ಅಂತ ನನಗೇ ಹೇಳಿಕೊಡ್ತಿದ್ದಾನೆ! ಹೊಸ ಕಂಪನಿ ಹಳೇ ಕಂಪನಿಯನ್ನ ವಿಚಾರಿಸೇ ವಿಚಾರಿಸುತ್ತೆ. ಸುಳ್ಳು ಸಿಕ್ಕರೆ ಏಟು ಬಿದ್ದ ದಿನ ಕ್ಲೇಮಿಗೆ ಕಲ್ಲು ಬೀಳೋದು ನನಗೆ, ಅವನಿಗಲ್ಲ. ಅವತ್ತು ನನ್ನ ಬಾಯಿಂದ ಬಂದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಅವತ್ತೇ ಬರೆದಿದ್ದರೆ ಈ ಆ್ಯಪಿಗೆ ಐದಕ್ಕೆ ಸೊನ್ನೆ ಕೊಡ್ತಿದ್ದೆ.

ಈಗ ಎರಡೂವರೆ ಕೊಡ್ತೀನಿ. ಕಾರಣ ಒಂದು ಪೆನ್ಸಿಲ್ಲು. ಐಡಿವಿ ಪಕ್ಕದಲ್ಲಿ ಸಣ್ಣ ಪೆನ್ಸಿಲ್ ಗುರುತಿದೆ, ಒತ್ತಿದರೆ ನಮಗೆ ಬೇಕಾದ ಮೊತ್ತ ಹಾಕಬಹುದು. ಮೊದಲ ಐದು ವರ್ಷ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಪ್ರತಿ ಕಂಪನಿಯ ಪುಟಕ್ಕೂ ಹೋಗಿ ಒಂದೊಂದಾಗಿ ಏರಿಸ್ತಿದ್ದೆ. ಎಲ್ಲಾ ಕಂಪನಿಗೂ ಎರಡು ಲಕ್ಷ ಹಾಕಿ, ಟಿಕ್ಕೆಲ್ಲ ಕಿತ್ತು, ಕ್ಲೇಮು ನಿಜ ಹೇಳಿ, ಆಮೇಲೆ ನೋಡಿದರೆ ಅದೇ ಪಟ್ಟಿ ಎಷ್ಟು ನೇರ ಅಂತೀರಾ! ಮೊದಲು ಅಗ್ಗ ಅಂತ ಮೇಲೆ ಕೂತಿದ್ದದ್ದು ಐದನೇ ಸ್ಥಾನಕ್ಕೆ ಇಳೀತು. ನಾಲ್ಕನೆಯದು ಮೇಲೆ ಬಂತು. ಅದೂ ಐದು ಸಾವಿರದ ಗೆರೆಯೊಳಗೆ. ಇಷ್ಟು ಕಂಪನಿಯ ಬಾಗಿಲಿಗೆ ನಾನೇ ಹೋಗಿದ್ದರೆ ಒಂದು ವಾರ ಬೇಕಿತ್ತು. ಒಳಗೆ ಒಳ್ಳೆ ತಕ್ಕಡಿ ಇದೆ. ಹೊರಗಡೆ ಬೆರಳಿಟ್ಟುಕೊಂಡು ಕೂತವರ ಮೇಲೆ ನನ್ನ ಸಿಟ್ಟು.

ಸುದ್ದಿ ಊರಲ್ಲಿ ಹಬ್ಬಿತು. ಈಗ ಕಾರಿರೋರು ಆರ್‌ಸಿ ಜೆರಾಕ್ಸ್ ಹಿಡಕೊಂಡು ಮಧ್ಯಾಹ್ನ ಡೈರಿಗೆ ಬರ್ತಾರೆ. "ವಸಿ ನಮ್ದೂ ನೋಡ್ಬುಡಣ್ಣ." ಒಬ್ಬನದು ಮುಗಿದು ನಾಲ್ಕು ತಿಂಗಳಾಗಿತ್ತು. ಪೊಲೀಸರು ಹಿಡಿದರೆ ಮೊದಲ ಸಲ 2,000, ಎರಡನೇ ಸಲ 4,000 ಅಂದೆ, ನಕ್ಕ. 90 ದಿನ ದಾಟಿದ್ದಕ್ಕೆ ನಿನ್ನ 50 ಪರ್ಸೆಂಟ್ ಎನ್‌ಸಿಬಿ ಪೂರ್ತಿ ಹೋಯ್ತು ಅಂದೆ, ಆಗ ಮುಖ ಸಪ್ಪಗಾಯ್ತು.

ಫೋನ್ ಕಾಟಕ್ಕೂ ದಾರಿ ಸಿಕ್ಕಿದೆ. ಮಗಳ ಹಳೇ ಕೀಪ್ಯಾಡ್ ಸೆಟ್ಟಿಗೆ ಬೇರೆ ಸಿಮ್ ಹಾಕಿ, ಸಂಘದ ಮೇಜಿನ ಡ್ರಾಯರಲ್ಲಿ ಸೀಲು, ಇಂಕ್‌ಪ್ಯಾಡಿನ ಪಕ್ಕ ಇಟ್ಟಿದ್ದೀನಿ. ರೇಟು ನೋಡೋಕೆ ಆ ನಂಬರು. ದುಡ್ಡು ಕಟ್ಟೋ ಹೊತ್ತಿಗೆ ಪಾಲಿಸಿಯಲ್ಲಿ ಮಾತ್ರ ಅವರವರ ನಿಜವಾದ ನಂಬರು. ಅದನ್ನ ಮರೀಬೇಡಿ, ಕ್ಲೇಮಿನ ಸುದ್ದಿಯೆಲ್ಲ ಅದಕ್ಕೇ ಬರೋದು. ಆಗಸ್ಟ್ ಪೂರ್ತಿ ಡ್ರಾಯರ್ ಒಳಗೆ ಅದು ಅರಚುತ್ತೆ, ನಾವು ಹಾಲು ಅಳೀತಿರ್ತೀವಿ.

ಹೋದ ವರ್ಷ ಒಂದು ಸಂಜೆ ನಾನು ಕ್ಯಾನು ಹೊರಗಿಡೋಕೆ ಹೋಗಿದ್ದೆ. ಫೋನು ಬಡಕೊಳ್ತಿತ್ತು. ಸಾಲಿನ ಮುಂದೆ ನಿಂತಿದ್ದ ಮೂಲೆಮನೆ ಅಜ್ಜಿ ತಡೀಲಾರದೆ ಡ್ರಾಯರ್ ಎಳೆದು ಎತ್ತಿಕೊಂಡಿದ್ದಾರೆ. ನಾನು ಬರೋ ಹೊತ್ತಿಗೆ ಮಾತು ಜೋರಾಗಿತ್ತು.

"ಊ ಕಣವ್ವ, ಇನ್ಸೂರೆನ್ಸ್ ಮಾಡುಸ್ಬೇಕು. ಎಚ್ಚೆಫ್ಫು ಹಸ. ಮೂರ್‍ನೇ ಸೂಲು. ಕಿವಿಗೆ ಓಲೆ ಹಾಕ್ಸಿವ್ನಿ, ನಂಬ್ರ ಹೇಳ್ಲಾ? ... ಕಾರಾ? ಕಾರ್ ಯಾತುಕ್ಕವ್ವ, ಅದೇನ್ ಹಾಲ್ ಕೊಟ್ಟದಾ?"

ಅಜ್ಜಿ ಫೋನು ಕಿವಿಯಿಂದ ತೆಗೆದು ನೋಡಿದರು. "ಮಡ್ಗ್‌ಬುಟ್ಳು ಕಣಪ್ಪ."

ಆರು ವರ್ಷದಲ್ಲಿ ಆ ಕಡೆಯವರೇ ಮೊದಲು ಫೋನಿಟ್ಟಿದ್ದು ಅದೊಂದೇ ಸಲ.