ಕಾಣದ ನಕಲನ್ನೂ ಹಿಡಿಯುವ ಕಾವಲುಗಾರ: ಓಪನ್‌ಎಲ್‌ಡ್ಯಾಪ್‌ನ ಯುನಿಕ್ ಓವರ್‌ಲೇ, ಬಹುಕಾಲ ಬಳಸಿದ ಮೇಲೆ

ಯಾರು ಏನನ್ನು ಓದಬಹುದು, ಬರೆಯಬಹುದು ಎಂಬ ನಿಯಮಪಟ್ಟಿ, ಅಂದರೆ ಎಸಿಎಲ್, ಬಿಗಿಯಾಗಿರುವ ಡೈರೆಕ್ಟರಿಯಲ್ಲಿ (ಬಳಕೆದಾರರ ವಿವರಗಳ ಡೇಟಾಬೇಸಿನಲ್ಲಿ) ‘ಈ ಇಮೇಲ್ ಆಗಲೇ ಯಾರಿಗಾದರೂ ಇದೆಯೇ’ ಎಂದು ಸ್ಕ್ರಿಪ್ಟ್‌ನಿಂದ ಹುಡುಕಿ ತಿಳಿಯಬಹುದು ಅಂದುಕೊಂಡರೆ ಕೆಟ್ಟಿರಿ. ಸ್ಕ್ರಿಪ್ಟ್ ಯಾವ ಖಾತೆಯಿಂದ ಬೈಂಡ್ (ಲಾಗಿನ್) ಆಗಿದೆಯೋ ಆ ಖಾತೆಗೆ ಕಾಣುವಷ್ಟೇ ಅದಕ್ಕೆ ಕಾಣುತ್ತದೆ. ಎಸಿಎಲ್ ಮುಚ್ಚಿಟ್ಟ ಎಂಟ್ರಿಯಲ್ಲಿ (ದಾಖಲೆಯಲ್ಲಿ) ಅದೇ ವಿಳಾಸ ಇದ್ದರೂ ಸರ್ವರ್ ಯಾವ ಎರರ್ ಕೊಡದೆ ಖಾಲಿ ಉತ್ತರ ಕಳಿಸುತ್ತದೆ, ಸ್ಕ್ರಿಪ್ಟ್ ಖುಷಿಯಿಂದ ಎರಡನೆಯದನ್ನೂ ಸೇರಿಸುತ್ತದೆ. ಓಪನ್‌ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಸರ್ವರ್‌ನಲ್ಲಿ ಇಂಥ ನಕಲುಗಳನ್ನು ತಡೆಯುವ ಸೇರ್ಪಡೆ ಮಾಡ್ಯೂಲ್ ಆದ ಯುನಿಕ್ ಓವರ್‌ಲೇಗೆ ಬೆಲೆ ಬರುವುದೇ ಇಲ್ಲಿ. 2.4ರಿಂದ 2.6ರವರೆಗಿನ ಬಳಕೆಯ ಮೇಲೆ ಹೇಳುವುದಾದರೆ, ಇದು ಕೆಲಸಕ್ಕೆ ಬರುವ ವಸ್ತು. ಆದರೆ ಹಾಕಿ ಮರೆತುಬಿಡುವಂಥದ್ದಲ್ಲ.

ಆಡ್, ಮಾಡಿಫೈ, ರೀನೇಮ್ ಯಾವುದೇ ಬಂದರೂ ಅದು ಡೇಟಾಬೇಸ್ ತಲುಪುವ ಮೊದಲೇ ಓವರ್‌ಲೇ ತಡೆದು, ಒಳಗೊಳಗೇ ಒಂದು ಸರ್ಚ್ ನಡೆಸುತ್ತದೆ. ಆ ಸರ್ಚ್ ನಡೆಯುವುದು ಬಳಕೆದಾರರ ಹೆಸರಲ್ಲಲ್ಲ, ಡೇಟಾಬೇಸಿನ ರೂಟ್‌ಡಿಎನ್, ಅಂದರೆ ಸರ್ವಾಧಿಕಾರದ ಖಾತೆಯ ಹೆಸರಲ್ಲಿ. ರೂಟ್‌ಡಿಎನ್‌ಗೆ ಎಸಿಎಲ್ ಲೆಕ್ಕಕ್ಕಿಲ್ಲ, ಹಾಗಾಗಿ ಮುಚ್ಚಿಟ್ಟ ಎಂಟ್ರಿಯೂ ಲೆಕ್ಕಕ್ಕೆ ಬರುತ್ತದೆ. ನಕಲು ಸಿಕ್ಕರೆ ಎರರ್ 19, ಕನ್‌ಸ್ಟ್ರೈಂಟ್ ವಯೊಲೇಶನ್. ಅದೇ ಎಂಟ್ರಿಯಲ್ಲಿ ಅದೇ ಬೆಲೆಯನ್ನು (ವ್ಯಾಲ್ಯೂ) ಮತ್ತೆ ಸೇವ್ ಮಾಡಿದರೆ ತಕರಾರಿಲ್ಲ, ತನ್ನನ್ನೇ ತಾನು ನಕಲೆಂದು ಎಣಿಸಿಕೊಳ್ಳುವುದಿಲ್ಲ.

ಭದ್ರತೆ ಹೆಚ್ಚಿಸುವ ಉತ್ಸಾಹದಲ್ಲಿ ಕೆಲವರು ರೂಟ್‌ಡಿಎನ್ ಸಾಲನ್ನೇ ಕಿತ್ತುಹಾಕುತ್ತಾರೆ. ಈ ಓವರ್‌ಲೇ ಇದ್ದಲ್ಲಿ ಹಾಗೆ ಮಾಡುವಂತಿಲ್ಲ. ತೆಗೆಯಬೇಕಾದದ್ದು ರೂಟ್‌ಪಿಡಬ್ಲ್ಯು, ಅಂದರೆ ಪಾಸ್‌ವರ್ಡ್ ಸಾಲು ಮಾತ್ರ. ಪಾಸ್‌ವರ್ಡ್ ಇಲ್ಲದ ರೂಟ್‌ಡಿಎನ್ ಆಗಿ, ಅದೇ ಡಿಎನ್‌ನ (ಪೂರ್ಣ ಹೆಸರಿನ) ಎಂಟ್ರಿಯೂ ಡೈರೆಕ್ಟರಿಯ ಮರದಲ್ಲಿ ಇಲ್ಲದಿದ್ದರೆ, ಪಾಸ್‌ವರ್ಡ್ ಕೊಟ್ಟು ಆ ಹೆಸರಲ್ಲಿ ಒಳಬರಲು ಯಾರಿಂದಲೂ ಆಗದು. ಓವರ್‌ಲೇಗೆ ಬೇಕಾದ ಹೆಸರಂತೂ ಇರುತ್ತದೆ.

ಹೊಂದಿಸುವುದು ಸುಲಭ. ಮಾಡ್ಯೂಲ್ ಲೋಡ್ ಮಾಡಿ, ಡೇಟಾಬೇಸ್ ಎಂಟ್ರಿಯ ಕೆಳಗೆ ಓವರ್‌ಲೇ ಸೇರಿಸಿ, ಪ್ರತಿ ಅಟ್ರಿಬ್ಯೂಟ್‌ಗೂ (ಇಮೇಲ್, ಫೋನ್‌ನಂಥ ವಿವರಕ್ಕೂ) ಒಂದೊಂದು ಯುಆರ್‌ಐ (ವಿಳಾಸ ರೂಪದ ಸಾಲು) ಬರೆಯಬೇಕು. ಅದರಲ್ಲಿ ಬೇಸ್ ಡಿಎನ್ (ಹುಡುಕಾಟ ಶುರುವಾಗುವ ಜಾಗ), ಅಟ್ರಿಬ್ಯೂಟ್, ಸ್ಕೋಪ್ (ಹುಡುಕಾಟದ ವ್ಯಾಪ್ತಿ), ಬೇಕಿದ್ದರೆ ಫಿಲ್ಟರ್, ಪ್ರತಿಯೊಂದರ ನಡುವೆ ಪ್ರಶ್ನಾರ್ಥಕ ಚಿಹ್ನೆ. ಹೆಚ್ಚಿನವರು ಎಡವುವುದು ಸ್ಕೋಪ್‌ನಲ್ಲಿ. ಎಲ್‌ಡ್ಯಾಪ್ ಯುಆರ್‌ಐಯಲ್ಲಿ ಸ್ಕೋಪ್ ಬಿಟ್ಟರೆ ಅದು ಬೇಸ್ ಎಂದೇ ಅರ್ಥ, ಒಂದೇ ಎಂಟ್ರಿಯೊಳಗೆ ನಕಲು ಹುಡುಕುವುದಕ್ಕೆ ಅರ್ಥವಿಲ್ಲ. ‘ಸಬ್’ (ಬೇಸ್ ಮತ್ತು ಅದರ ಕೆಳಗಿನದ್ದೆಲ್ಲ) ಎಂದು ಬರೆಯಲೇಬೇಕು. ಹಳೆಯ ಶೈಲಿಯ ಯುನಿಕ್‌ಬೇಸ್, ಯುನಿಕ್‌ಅಟ್ರಿಬ್ಯೂಟ್ ಸಾಲುಗಳನ್ನೂ ಯುಆರ್‌ಐ ಶೈಲಿಯನ್ನೂ ಒಟ್ಟಿಗೆ ಇಡಲಾಗದು. ಅಟ್ರಿಬ್ಯೂಟ್ ಹೆಸರನ್ನೇ ಕೊಡದೆ ಬಿಟ್ಟರೆ ಎಲ್ಲ ಅಟ್ರಿಬ್ಯೂಟ್‌ಗಳ ಮೇಲೂ ನಿಯಮ ಬೀಳುತ್ತದೆ. ಆಗ ಒಂದೇ ಅಡ್ಡಹೆಸರಿನ ಇಬ್ಬರಿಗೆ ಜಾಗವಿರದು!

ಇನ್ನು ಇಂಡೆಕ್ಸ್. ಪ್ರತಿ ಬರವಣಿಗೆಗೂ ಒಂದು ಸರ್ಚ್ ಇರುವುದರಿಂದ, ಕಾಯುವ ಅಟ್ರಿಬ್ಯೂಟ್‌ಗೆ ಈಕ್ವಾಲಿಟಿ ಇಂಡೆಕ್ಸ್ (ಒಂದು ಬೆಲೆ ಯಾವ ಎಂಟ್ರಿಯಲ್ಲಿದೆ ಎಂದು ಬೇಗ ತಿಳಿಸುವ ಸೂಚಿ) ಇಲ್ಲದಿದ್ದರೆ ಇಡೀ ಮರವನ್ನು ಜಾಲಾಡಬೇಕಾಗುತ್ತದೆ. ಲಾಗ್‌ನಲ್ಲಿ ‘ನಾಟ್ ಇಂಡೆಕ್ಸ್ಡ್’ ಎಂಬ ಸಾಲು ಕಂಡರೆ ಅದೇ. ನಿಧಾನವಾಗುವುದು ಹೋಗಲಿ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಹಳೆಯ ಕಾನ್ಫಿಗ್ ಫೈಲಿನಲ್ಲಿ ಇಂಡೆಕ್ಸ್ ಸಾಲು ಬರೆದು ಇಂಡೆಕ್ಸ್ ಕಟ್ಟುವ ಸ್ಲ್ಯಾಪ್‌ಇಂಡೆಕ್ಸ್ ಓಡಿಸದೆ ಸರ್ವರ್ ಶುರು ಮಾಡುವುದು. ಇಂಡೆಕ್ಸ್ ಇದೆ ಎಂದು ಸರ್ವರ್ ನಂಬುತ್ತದೆ, ಹಳೆಯ ಎಂಟ್ರಿಗಳು ಅದರಲ್ಲಿ ಇರುವುದಿಲ್ಲ. ಸರ್ಚ್ ಖಾಲಿ ಬರುತ್ತದೆ, ನಕಲು ಸದ್ದಿಲ್ಲದೆ ಒಳಹೋಗುತ್ತದೆ. ಸರ್ವರ್ ನಿಲ್ಲಿಸಿ, ಅದು ಯಾವ ಯೂಸರ್ ಹೆಸರಲ್ಲಿ ಓಡುತ್ತದೋ ಅದೇ ಹೆಸರಲ್ಲಿ ಸ್ಲ್ಯಾಪ್‌ಇಂಡೆಕ್ಸ್ ಓಡಿಸಿ. ರೂಟ್ ಆಗಿ ಓಡಿಸಿದರೆ ಫೈಲ್ ಮಾಲೀಕತ್ವ ಕೆಟ್ಟು ಸರ್ವರ್ ಮತ್ತೆ ಏಳದಿರಬಹುದು. ಸಿಎನ್=ಕಾನ್ಫಿಗ್, ಅಂದರೆ ಡೈರೆಕ್ಟರಿಯ ರೂಪದಲ್ಲೇ ಇರುವ ಕಾನ್ಫಿಗ್ ಮೂಲಕ ಸೇರಿಸಿದರೆ ಈ ತಲೆನೋವಿಲ್ಲ, ಸರ್ವರೇ ಹಿನ್ನೆಲೆಯಲ್ಲಿ ಇಂಡೆಕ್ಸ್ ಕಟ್ಟಿಕೊಳ್ಳುತ್ತದೆ.

ಓವರ್‌ಲೇ ಹಾಕುವ ಮುಂಚಿನ ನಕಲುಗಳ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ನೇರ ಡೇಟಾಬೇಸಿಗೆ ಬರೆಯುವ ಸ್ಲ್ಯಾಪ್‌ಆಡ್ ಮೂಲಕ ತುಂಬಿದ ದತ್ತಾಂಶವೂ ತಪಾಸಣೆಗೆ ಸಿಗದು. ಮೊದಲು ಸ್ಲ್ಯಾಪ್‌ಕ್ಯಾಟ್‌ನಲ್ಲಿ ಸಾಲು ಮಡಿಸದಂತೆ ಹೇಳಿ ಡೇಟಾ ತೆಗೆದು, ಅಟ್ರಿಬ್ಯೂಟ್ ಸಾಲುಗಳನ್ನು ಸಣ್ಣಕ್ಷರಕ್ಕಿಳಿಸಿ, ಸಾರ್ಟ್ ಮಾಡಿ ಎರಡೆರಡು ಬಂದವನ್ನು ಹೆಕ್ಕಿ. ಸಣ್ಣಕ್ಷರ ಏಕೆಂದರೆ, ಮೇಲ್ ಅಟ್ರಿಬ್ಯೂಟ್ ಹೋಲಿಕೆಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ. ಹೆಸರಿನ ನಂತರ ಎರಡು ಕೋಲನ್ ಇರುವ ಸಾಲುಗಳು ಬೇಸ್64 ಸಂಕೇತದಲ್ಲಿರುತ್ತವೆ, ಅವನ್ನು ಮೊದಲೇ ಬಿಡಿಸಿಟ್ಟುಕೊಳ್ಳಿ. ಫೋನ್ ನಂಬರಿನಲ್ಲಿ ಖಾಲಿ ಜಾಗ, ಅಡ್ಡಗೆರೆ ಲೆಕ್ಕಕ್ಕಿಲ್ಲ: 080-2345 6789 ಮತ್ತು 08023456789 ಒಂದೇ. ಮುಂದೆ +91 ಹಚ್ಚಿದರೆ ಮಾತ್ರ ಬೇರೆಯೇ ನಂಬರ್.

ಎಸಿಎಲ್ ಬಿಗಿ ಇರುವವರು ಗಮನಿಸಲೇಬೇಕಾದದ್ದು ಈ ಓವರ್‌ಲೇಯ ಬಾಯಿಬಡುಕತನ. ಸಿಬ್ಬಂದಿ ಸಂಖ್ಯೆಯನ್ನು ಯಾರೂ ಓದದಂತೆ ಎಸಿಎಲ್ ಬರೆದಿದ್ದೀರಿ ಎನ್ನಿ. ತನ್ನ ಎಂಟ್ರಿಯಲ್ಲಿ ಆ ಸಂಖ್ಯೆ ಹಾಕಲು ಯತ್ನಿಸಿದವರಿಗೆ 19 ಬಂದರೆ, ಅದು ಬೇರೆಯವರ ಬಳಿ ಇದೆ ಎಂದು ಗೊತ್ತಾಯಿತು. ಬರೆಯುವ ಹಕ್ಕು ಕಿತ್ತುಕೊಂಡರೆ ಸಾಕೆನ್ನಲೂ ಆಗದು: ಓವರ್‌ಲೇ ಬ್ಯಾಕೆಂಡ್‌ಗಿಂತ (ಡೇಟಾಬೇಸ್ ಭಾಗಕ್ಕಿಂತ) ಮುಂದೆ ನಿಂತಿದೆ, ಬರೆಯುವ ಹಕ್ಕಿನ ಎಸಿಎಲ್ ಪರೀಕ್ಷೆ ನಡೆಯುವುದು ಬ್ಯಾಕೆಂಡ್‌ನಲ್ಲಿ. ಹಕ್ಕಿಲ್ಲದ ಖಾತೆಯಿಂದ ಎರಡು ಸಲ ಪ್ರಯತ್ನಿಸಿ ನೋಡಿ, ಇರುವ ಬೆಲೆಯಿಂದ ಒಮ್ಮೆ, ಇಲ್ಲದ ಬೆಲೆಯಿಂದ ಒಮ್ಮೆ. ಮೊದಲನೆಯದಕ್ಕೆ 19, ಎರಡನೆಯದಕ್ಕೆ 50 (ಹಕ್ಕು ಸಾಲದು) ಬಂದರೆ ನಿಮ್ಮ ಎಸಿಎಲ್ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತಾಗಿದೆ. ಅಂಥ ಗುಟ್ಟಿನ ಅಟ್ರಿಬ್ಯೂಟ್‌ಗೆ ಈ ನಿಯಮ ಹಾಕದಿರುವುದೇ ಲೇಸು, ತಪಾಸಣೆಯನ್ನು ಖಾತೆ ಸೃಷ್ಟಿಸುವ ವ್ಯವಸ್ಥೆಯೊಳಗೇ ಇಟ್ಟುಕೊಳ್ಳಿ. ಉಳಿದವಕ್ಕೆ ಲಾಗ್ ಮಟ್ಟ 256 ಇಟ್ಟು, ಒಂದೇ ಖಾತೆಯಿಂದ ಸಾಲುಸಾಲಾಗಿ 19 ಬರುತ್ತಿದೆಯೇ ನೋಡುತ್ತಿರಬೇಕು. ಲಾಗ್ ಸಾಲಿನಲ್ಲಿ ಮಾಡಿಫೈಗೆ ಟ್ಯಾಗ್ 103, ಆಡ್‌ಗೆ 105. ಆ ಸಾಲಿನ ಕನೆಕ್ಷನ್ ಸಂಖ್ಯೆ ಹಿಡಿದು ಹಿಂದೆ ಹೋದರೆ ಬೈಂಡ್ ಆದವರು ಯಾರೆಂದು ಸಿಗುತ್ತದೆ.

ರೆಪ್ಲಿಕೇಶನ್ (ಸರ್ವರ್‌ಗಳ ನಡುವೆ ದತ್ತಾಂಶ ಹಂಚಿಕೆ) ಮೂಲಕ ಬಂದದ್ದನ್ನು ಓವರ್‌ಲೇ ಪ್ರಶ್ನಿಸುವುದಿಲ್ಲ, ಹಾಗಾಗಿ ಬರವಣಿಗೆ ಒಪ್ಪುವ ಪ್ರತಿ ಸರ್ವರ್‌ನಲ್ಲೂ ಅದು ಇರಬೇಕು. ಇದ್ದರೂ ಎರಡು ಸರ್ವರ್‌ಗಳಿಗೆ ಒಂದೇ ಕ್ಷಣದಲ್ಲಿ ಒಂದೇ ವಿಳಾಸ ಬಂದರೆ ಎರಡೂ ಒಪ್ಪುತ್ತವೆ, ಆಮೇಲೆ ಪರಸ್ಪರ ಹಂಚಿಕೊಳ್ಳುತ್ತವೆ. ಬರವಣಿಗೆಯೆಲ್ಲ ಒಂದೇ ಸರ್ವರ್‌ಗೆ ಹೋಗುವಂತೆ ಮಾಡುವುದೇ ಇದಕ್ಕೆ ಮದ್ದು. ಒಂದೇ ಸರ್ವರ್ ಒಳಗೂ ಇಂಥ ಪೈಪೋಟಿ ಆಗಬಹುದು, ಅದಕ್ಕೆ ಹೊಸ ಆವೃತ್ತಿಗಳಲ್ಲಿ ‘ಸೀರಿಯಲೈಸ್’ ಎಂಬ ಪದವನ್ನು ಯುಆರ್‌ಐಗಿಂತ ಮೊದಲು ಹಾಕುವ ಅವಕಾಶವಿದೆ. ಬರವಣಿಗೆಗಳು ಸರದಿಯಲ್ಲಿ ಕಾಯಬೇಕಾಗುತ್ತದೆ, ಅಷ್ಟೇ.

ಇನ್ನೊಂದು ಕೊರತೆ ಮೇಲ್ ಅಲಿಯಾಸ್‌ನದು, ಅಂದರೆ ಹೆಚ್ಚುವರಿ ವಿಳಾಸದ್ದು. ಒಬ್ಬರ ಮೇಲ್ ಅಟ್ರಿಬ್ಯೂಟ್‌ನಲ್ಲಿರುವ ವಿಳಾಸ ಇನ್ನೊಬ್ಬರ ಅಲಿಯಾಸ್ ಅಟ್ರಿಬ್ಯೂಟ್‌ನಲ್ಲಿದ್ದರೆ ಓವರ್‌ಲೇ ಸುಮ್ಮನಿರುತ್ತದೆ. ಪ್ರತಿ ಅಟ್ರಿಬ್ಯೂಟ್ ಅನ್ನೂ ಅದರದ್ದೇ ಹೆಸರಿನೊಂದಿಗೆ ಮಾತ್ರ ಅದು ಹೋಲಿಸುವುದು. ಮೇಲ್ ಅಟ್ರಿಬ್ಯೂಟ್ ಒಂದಕ್ಕಿಂತ ಹೆಚ್ಚು ಬೆಲೆ ಹಿಡಿಯುತ್ತದೆ, ಅಲಿಯಾಸ್‌ಗಳನ್ನೂ ಅಲ್ಲಿಗೇ ತಂದರೆ ತಪಾಸಣೆಗೆ ಸಿಗುತ್ತವೆ. ಆದರೆ ಮೊದಲ ಬೆಲೆಯನ್ನೇ ಮುಖ್ಯ ವಿಳಾಸವೆಂದು ಓದುವ ಅಪ್ಲಿಕೇಶನ್‌ಗಳಿದ್ದರೆ ಅವನ್ನು ಮೊದಲು ತಿದ್ದಿಕೊಳ್ಳಿ, ಎಲ್‌ಡ್ಯಾಪ್‌ನಲ್ಲಿ ಬೆಲೆಗಳ ಕ್ರಮಕ್ಕೆ ಯಾವ ಖಾತರಿಯೂ ಇಲ್ಲ.