ಕೊಂಪಿಯೆನ್ ಕಾಡಿನ ಕದನವಿರಾಮ ಸ್ಮಾರಕ: ಒಂದು ಬೋಗಿ, ಎರಡು ಶರಣಾಗತಿಗಳು

ಪ್ಯಾರಿಸ್‌ನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ಕೊಂಪಿಯೆನ್ ಎಂಬ ಊರಿದೆ. ಊರಾಚೆಯ ಕಾಡಿನಲ್ಲಿ, ರೆತೊಂದ್ ಎಂಬ ಹಳ್ಳಿಗೆ ಸಮೀಪದಲ್ಲಿ, ಮರಗಳನ್ನು ತೆರವು ಮಾಡಿ ದುಂಡಗೆ ಬಿಟ್ಟಿರುವ ಬಯಲೇ 1918ರಲ್ಲಿ ಮೊದಲ ಮಹಾಯುದ್ಧವನ್ನು ನಿಲ್ಲಿಸಿದ ಕದನವಿರಾಮದ ಸ್ಮಾರಕ. ಅದರ ಅಂಚಿನಲ್ಲಿ ಒಂದು ಸಾಧಾರಣ ಗಾತ್ರದ ವಸ್ತುಸಂಗ್ರಹಾಲಯವಿದೆ. ಯುರೋಪ್ ಪ್ರವಾಸಕ್ಕೆ ಬರುವ ನಮ್ಮವರು ವರ್ಸೇಲ್ಸ್ ಅರಮನೆಯನ್ನು ತಪ್ಪಿಸುವುದಿಲ್ಲ, ಆದರೆ ಇಲ್ಲಿಗೆ ಬರುವವರು ವಿರಳ. ಸೋತವರ ಮೇಲೆ ಹೇರಿದ ಕಠೋರ ಶಾಂತಿಯು ಮುಂದಿನ ಸರ್ವಾಧಿಕಾರಕ್ಕೂ ಮುಂದಿನ ಯುದ್ಧಕ್ಕೂ ಹೇಗೆ ಗೊಬ್ಬರವಾಗುತ್ತದೆ ಎಂಬುದನ್ನು ತಿಳಿಯಬೇಕೆನ್ನುವವರಿಗೆ ವರ್ಸೇಲ್ಸ್‌ನ ಕನ್ನಡಿಗಳ ಸಭಾಂಗಣಕ್ಕಿಂತ ಈ ಕಾಡಿನ ಬಯಲು ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಹದಿನಾಲ್ಕನೆಯ ಲೂಯಿಯ ವೈಭವವೇ ಕಣ್ಣು ತುಂಬಿಬಿಡುತ್ತದೆ, 1919ರ ಶಾಂತಿ ಒಪ್ಪಂದ ಅದರ ಹಿಂದೆ ಮರೆಯಾಗುತ್ತದೆ. ಇಲ್ಲಿ ನೋಡಲು ಬೇರೆ ಏನೂ ಇಲ್ಲದಿರುವುದರಿಂದ, ನೋಡಬೇಕಾದದ್ದನ್ನು ನೋಡದೆ ಹಿಂದಿರುಗುವುದು ಸಾಧ್ಯವಿಲ್ಲ.

ಬಯಲಿನಲ್ಲಿ ಹಳಿಗಳ ತುಣುಕುಗಳಿವೆ. ಭಾರೀ ಫಿರಂಗಿಗಳನ್ನು ಸಾಗಿಸಲು ಕಾಡಿನೊಳಗೆ ಹಾಕಿದ್ದ ಈ ಹಳಿಗಳ ಮೇಲೆ 1918ರ ನವೆಂಬರ್‌ನಲ್ಲಿ ಎರಡು ರೈಲುಗಳು ಎದುರುಬದುರು ನಿಂತಿದ್ದವು. ಒಂದರಲ್ಲಿ ಮಿತ್ರಸೈನ್ಯಗಳ ಮಹಾದಂಡನಾಯಕ ಮಾರ್ಷಲ್ ಫಾಶ್, ಇನ್ನೊಂದರಲ್ಲಿ ಜರ್ಮನಿಯ ನಿಯೋಗ. ಎರಡೂ ಬೋಗಿಗಳು ನಿಂತಿದ್ದ ಸ್ಥಾನಗಳನ್ನು ಕಲ್ಲುಗಳು ತೋರಿಸುತ್ತವೆ. ನಟ್ಟನಡುವೆ ನೆಲಕ್ಕೆ ಹಾಸಿದ ದೊಡ್ಡ ಬಂಡೆಯೊಂದಿದೆ. 1918ರ ನವೆಂಬರ್ 11ರಂದು ಜರ್ಮನ್ ಸಾಮ್ರಾಜ್ಯದ ಪಾತಕಿ ಅಹಂಕಾರ ಇಲ್ಲಿ ಕುಸಿದುಬಿತ್ತು, ಯಾವ ಸ್ವತಂತ್ರ ಜನರನ್ನು ಅದು ಗುಲಾಮರನ್ನಾಗಿ ಮಾಡಹೊರಟಿತ್ತೋ ಆ ಜನರಿಂದಲೇ ಸೋತಿತು ಎಂಬುದು ಅದರ ಮೇಲಿನ ಬರಹದ ತಾತ್ಪರ್ಯ. ಜರ್ಮನಿಯಿಂದ ಫ್ರಾನ್ಸ್‌ಗೆ ಮರಳಿದ ಪ್ರಾಂತ್ಯಗಳ ಹೆಸರಿನಲ್ಲಿ ಬಯಲಿನ ದಾರಿಯಲ್ಲಿ ನಿಲ್ಲಿಸಿರುವ ಅಲ್ಸೇಸ್–ಲೊರೇನ್ ಸ್ಮಾರಕದಲ್ಲಿ ಖಡ್ಗವೊಂದು ಜರ್ಮನಿಯ ಗರುಡವನ್ನು ಕೆಡವಿದೆ. ನಾಲ್ಕು ವರ್ಷ ತನ್ನ ನೆಲದ ಮೇಲೆಯೇ ಯುದ್ಧ ನಡೆದು, ಹದಿಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿದ್ದ ದೇಶದ ದುಃಖ ಮತ್ತು ಸಿಟ್ಟು ಈ ಎರಡರಲ್ಲೂ ಇವೆ, ಅದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಆದರೆ ಇದೇ ಬರಹವನ್ನು ಸೋತ ದೇಶದ ಯುವಕನೊಬ್ಬ 1920ರ ದಶಕದಲ್ಲಿ ಓದಿದ್ದರೆ ಅವನ ಮನಸ್ಸಿನಲ್ಲಿ ಏನು ಹುಟ್ಟುತ್ತಿತ್ತು ಎಂದು ಕೇಳಿಕೊಳ್ಳದೆ ಮುಂದೆ ಹೋಗುವುದು ನನಗೆ ಆಗಲಿಲ್ಲ.

ಸ್ಮಾರಕ ಹೇಳುವ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವರು ಜರ್ಮನ್ ನಿಯೋಗದ ಮುಖಂಡ ಮಥಿಯಾಸ್ ಎರ್ಟ್ಸ್‌ಬರ್ಗರ್. ಅವರು ಸೇನಾಧಿಕಾರಿಯಲ್ಲ, ಕ್ಯಾಥೊಲಿಕ್ ಸೆಂಟರ್ ಪಕ್ಷದ ರಾಜಕಾರಣಿ. ಯುದ್ಧ ಕೈಮೀರಿದೆ, ಕೂಡಲೇ ಕದನವಿರಾಮ ಕೇಳಿ ಎಂದು ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರವನ್ನು ಒತ್ತಾಯಿಸಿದವರು ಸೇನೆಯ ಸೂತ್ರ ಹಿಡಿದಿದ್ದ ಲೂಡೆಂಡಾರ್ಫ್ ಮತ್ತು ಹಿಂಡೆನ್‌ಬರ್ಗ್. ಆದರೆ ಬೋಗಿಯೊಳಗೆ ಹೋಗಿ ತಲೆತಗ್ಗಿಸಿ ಕುಳಿತುಕೊಳ್ಳುವ ಹೊತ್ತು ಬಂದಾಗ ಅವರಿಬ್ಬರೂ ಅಲ್ಲಿರಲಿಲ್ಲ. ಷರತ್ತುಗಳು ಬಿಗಿಯಾಗಿದ್ದವು: ಆಕ್ರಮಿತ ಪ್ರದೇಶಗಳನ್ನು 15 ದಿನಗಳಲ್ಲಿ ತೆರವುಗೊಳಿಸಬೇಕು, 5,000 ಫಿರಂಗಿ, 25,000 ಮೆಷಿನ್ ಗನ್, 5,000 ರೈಲು ಎಂಜಿನ್, 1,50,000 ಬೋಗಿಗಳನ್ನು ಒಪ್ಪಿಸಬೇಕು, ಜರ್ಮನಿಗೆ ಆಹಾರ ಹೋಗದಂತೆ ಹಾಕಿದ್ದ ಕಡಲ ದಿಗ್ಬಂಧನ ಹಾಗೆಯೇ ಮುಂದುವರಿಯುತ್ತದೆ. ಎರ್ಟ್ಸ್‌ಬರ್ಗರ್ ಒಂದಷ್ಟು ಸಡಿಲಿಕೆ ಪಡೆದರು. ಹೆಚ್ಚಿನದು ಸಿಗದಿದ್ದರೂ ಸಹಿ ಹಾಕಿ ಎಂಬ ಸೂಚನೆ ಹಿಂಡೆನ್‌ಬರ್ಗ್‌ರಿಂದಲೇ ಬಂದಿತ್ತು. ಬೆಳಗಿನ ಜಾವ ಐದು ದಾಟಿದ ಮೇಲೆ ಸಹಿ ಬಿತ್ತು, ಹನ್ನೊಂದು ಗಂಟೆಗೆ ಗುಂಡಿನ ಸದ್ದು ನಿಂತಿತು. ಏಳು ಕೋಟಿ ಜನರಿರುವ ರಾಷ್ಟ್ರ ನರಳಬಹುದು, ಸಾಯುವುದಿಲ್ಲ ಎಂದು ಎರ್ಟ್ಸ್‌ಬರ್ಗರ್ ಅಲ್ಲಿ ಓದಿದ ಹೇಳಿಕೆಯಲ್ಲಿದೆ.

ಒಂದು ವರ್ಷ ಕಳೆದ ಮೇಲೆ, 1919ರ ನವೆಂಬರ್‌ನಲ್ಲಿ, ಅದೇ ಹಿಂಡೆನ್‌ಬರ್ಗ್ ಸಂಸದೀಯ ವಿಚಾರಣಾ ಸಮಿತಿಯ ಮುಂದೆ ಜರ್ಮನ್ ಸೈನ್ಯಕ್ಕೆ ಬೆನ್ನಲ್ಲಿ ಇರಿಯಲಾಯಿತು ಎಂದು ಸಾಕ್ಷಿ ನುಡಿದರು. ಸೋಲಿನ ಹೊಣೆ ಸೇನೆಯಿಂದ ಜಾರಿ, ಚಕ್ರವರ್ತಿ ಹೋದ ಮೇಲೆ ಗಣರಾಜ್ಯವನ್ನು ಕಟ್ಟಿದ ನಾಗರಿಕ ನಾಯಕರ ಹೆಗಲೇರಿತು. 1921ರ ಆಗಸ್ಟ್ 26ರಂದು ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ನಡೆದಾಡುತ್ತಿದ್ದ ಎರ್ಟ್ಸ್‌ಬರ್ಗರ್ ಅವರನ್ನು ಉಗ್ರ ಬಲಪಂಥೀಯ ಗುಪ್ತಸಂಘದವರು ಗುಂಡಿಟ್ಟು ಕೊಂದರು. ಸೋತವರಲ್ಲಿ ಶಾಂತಿಗೆ ಕೈಚಾಚುವವರು ಯಾರೋ ಅವರಿಗೇ ಅವಮಾನದ ಪತ್ರವನ್ನು ಹಿಡಿಸಿ ಕಳಿಸಿದರೆ, ತಮ್ಮ ಮನೆಯಲ್ಲಿ ಅವರು ನಿಲ್ಲುವುದಾದರೂ ಹೇಗೆ? ಕಠೋರ ಶಾಂತಿಯ ದೋಷವನ್ನು ಕೇವಲ ಹಣದ ಲೆಕ್ಕದಲ್ಲಿ ಹುಡುಕುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ವರ್ಸೇಲ್ಸ್‌ನಲ್ಲಿ ನಡೆದದ್ದೂ ಇದೇ ರೀತಿಯದು. 1919ರ ಮೇ 7ರಂದು ಜರ್ಮನಿಯ ಪ್ರತಿನಿಧಿಗಳಿಗೆ ಕರಡನ್ನು ಕೊಟ್ಟು, ಏನಿದ್ದರೂ ಬರೆದು ತಿಳಿಸಿ ಎನ್ನಲಾಯಿತು. ಎದುರು ಕುಳಿತು ಮಾತುಕತೆಯಾಡುವ ಅವಕಾಶವಿರಲಿಲ್ಲ. ಷೈಡೆಮನ್ ಅವರ ಸರ್ಕಾರ ಸಹಿ ಹಾಕಲಾರದೆ ರಾಜೀನಾಮೆ ಕೊಟ್ಟಿತು. ಜೂನ್ 28ರಂದು ಹೊಸ ಸರ್ಕಾರದ ಸಚಿವರಾದ ಹರ್ಮನ್ ಮುಲ್ಲರ್ ಮತ್ತು ಯೊಹಾನೆಸ್ ಬೆಲ್, 1871ರಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಣೆಯಾದ ಅದೇ ಸಭಾಂಗಣದಲ್ಲಿ ಸಹಿ ಹಾಕಿದರು. ಯುರೋಪಿನಲ್ಲಿದ್ದ ನೆಲದ ಸುಮಾರು 13 ಶೇಕಡ, ಎಲ್ಲ ವಸಾಹತುಗಳು ಹೋದವು. ಸೈನ್ಯ ಒಂದು ಲಕ್ಷಕ್ಕೆ ಇಳಿಯಿತು. 231ನೇ ವಿಧಿಯು ಯುದ್ಧದ ಹಾನಿಗೆಲ್ಲ ಜರ್ಮನಿ ಮತ್ತು ಅದರ ಮಿತ್ರರನ್ನು ಹೊಣೆ ಮಾಡಿತು. 1921ರಲ್ಲಿ ಪರಿಹಾರ ಧನ 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿಯಾಯಿತು. ಜರ್ಮನಿಯೇ 1918ರ ಮಾರ್ಚ್‌ನಲ್ಲಿ ಬ್ರೆಸ್ಟ್-ಲಿಟೊವ್‌ಸ್ಕ್‌ನಲ್ಲಿ ರಷ್ಯಾದ ಮೇಲೆ ಹೇರಿದ್ದ ಒಪ್ಪಂದ ಇದಕ್ಕಿಂತ ಕ್ರೂರವಾಗಿತ್ತು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಗೆದ್ದವರ ಅನ್ಯಾಯವನ್ನು ಎಣಿಸುವಾಗ ಸೋತವರು ಗೆದ್ದಿದ್ದರೆ ಏನು ಮಾಡುತ್ತಿದ್ದರು ಎಂಬುದನ್ನು ಮರೆಯುವುದು ನ್ಯಾಯವಲ್ಲ.

ಸ್ಮಾರಕದ ಜೀವಾಳ ಎರಡು ಕದನವಿರಾಮಗಳು. ಅವುಗಳ ನಡುವಣ ಇಪ್ಪತ್ತೆರಡು ವರ್ಷಗಳನ್ನು ನೋಡುಗರು ತಾವೇ ಸ್ವಲ್ಪ ಓದಿಕೊಂಡು ಬಂದರೆ ಈ ಭೇಟಿಯ ಬೆಲೆ ಇಮ್ಮಡಿಯಾಗುತ್ತದೆ. ವರ್ಸೇಲ್ಸ್ ಒಪ್ಪಂದವೇ ಹಿಟ್ಲರನನ್ನು ಹುಟ್ಟಿಸಿತು ಎಂಬ ಒಂದು ಸಾಲಿನ ಉತ್ತರವನ್ನು ನಾವೆಲ್ಲ ಪ್ರೌಢಶಾಲೆಯಲ್ಲಿ ಬರೆದವರು. ಆ ಸಾಲು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. 1920ರ ಫೆಬ್ರವರಿಯಲ್ಲಿ ಪ್ರಕಟವಾದ ನಾತ್ಸಿ ಪಕ್ಷದ 25 ಅಂಶಗಳಲ್ಲಿ ಎರಡನೆಯದೇ ವರ್ಸೇಲ್ಸ್ ಒಪ್ಪಂದವನ್ನು ರದ್ದುಗೊಳಿಸಬೇಕೆಂಬ ಬೇಡಿಕೆ. 1923ರ ಜನವರಿಯಲ್ಲಿ, ಪರಿಹಾರದ ಕಂತು ತಪ್ಪಿತೆಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಜರ್ಮನಿಯ ಕಲ್ಲಿದ್ದಲು–ಉಕ್ಕಿನ ನೆಲೆಯಾದ ರೂರ್ ಪ್ರದೇಶವನ್ನು ಹಿಡಿದವು. ಅಲ್ಲಿ ಕೆಲಸ ನಿಲ್ಲಿಸಿದ ಕಾರ್ಮಿಕರಿಗೆ ಕೊಡಲು ಸರ್ಕಾರ ನೋಟು ಮುದ್ರಿಸುತ್ತ ಹೋಗಿ, ಆಗಲೇ ಕುಸಿಯುತ್ತಿದ್ದ ಮಾರ್ಕ್ ಪಾತಾಳಕ್ಕಿಳಿಯಿತು, ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಯಿತು. ಜೀವಮಾನವಿಡೀ ಉಳಿಸಿದ ಹಣ ಕಾಗದವಾದುದನ್ನು ಕಂಡ ಮಧ್ಯಮ ವರ್ಗ ಗಣರಾಜ್ಯವನ್ನು ಕ್ಷಮಿಸಲಿಲ್ಲ. ಅದೇ ತಿಂಗಳು ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆಯೂ ನಡೆದು ವಿಫಲವಾಯಿತು. ಆಮೇಲೆ ಕಥೆ ತಿರುಗುತ್ತದೆ. 1924ರ ಡಾಸ್ ಯೋಜನೆಯಿಂದ ಕಂತುಗಳು ಹಗುರಾದವು, 1925ರಲ್ಲಿ ಪಶ್ಚಿಮದ ಗಡಿಗಳ ಬಗ್ಗೆ ಲೊಕಾರ್ನೊ ಒಪ್ಪಂದಗಳಾದವು, 1926ರಲ್ಲಿ ಜರ್ಮನಿ ರಾಷ್ಟ್ರ ಸಂಘವನ್ನು ಸೇರಿತು. 1928ರ ಚುನಾವಣೆಯಲ್ಲಿ ನಾತ್ಸಿಗಳಿಗೆ ಸಿಕ್ಕಿದ್ದು 2.6 ಶೇಕಡ ಮತ ಮಾತ್ರ. ಆರ್ಥಿಕ ಮಹಾಕುಸಿತದ ನಂತರ ಅದು 1930ರಲ್ಲಿ 18.3, 1932ರ ಜುಲೈನಲ್ಲಿ 37.3 ಶೇಕಡಕ್ಕೆ ಏರಿತು. ಒಪ್ಪಂದ ಬಿತ್ತಿದ ಅವಮಾನ ನೆಲದೊಳಗೆ ಬೀಜವಾಗಿ ಬಿದ್ದಿತ್ತು, ಹಸಿವು ಮತ್ತು ನಿರುದ್ಯೋಗದ ಮಳೆ ಬಿದ್ದಾಗ ಮೊಳೆಯಿತು ಎಂದೇ ನಾನು ತಿಳಿಯುತ್ತೇನೆ. 1924ರಿಂದ 1929ರವರೆಗಿನ ಆ ಸೌಮ್ಯ ವರ್ಷಗಳು ಒಪ್ಪಂದದ ಜೊತೆಯಲ್ಲಿಯೇ ಬಂದಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ವಸ್ತುಸಂಗ್ರಹಾಲಯದ ಒಳಗೆ ಹೋದರೆ ಬೋಗಿ ಸಿಗುತ್ತದೆ. ನಡುವೆ ಉದ್ದನೆಯ ಮೇಜು, ಸುತ್ತ ಕುರ್ಚಿಗಳು, ಯಾರು ಎಲ್ಲಿ ಕುಳಿತಿದ್ದರೆಂಬ ವಿವರ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಇಷ್ಟು ದೊಡ್ಡ ನಿರ್ಧಾರವಾಯಿತೇ ಎನಿಸುತ್ತದೆ. 2419ಡಿ ಸಂಖ್ಯೆಯ ಮೂಲ ಬೋಗಿಯನ್ನು ಕೆಲಕಾಲ ಪ್ಯಾರಿಸ್‌ನಲ್ಲಿ ಸೇನಾ ವಸ್ತುಸಂಗ್ರಹಾಲಯವಿರುವ ಆಂವಾಲೀದ್‌ನಲ್ಲಿ ಇಟ್ಟು, 1927ರಲ್ಲಿ ಇಲ್ಲಿಗೆ ತಂದು ಕಟ್ಟಡದೊಳಗೆ ನಿಲ್ಲಿಸಿದ್ದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಜರ್ಮನ್ ಸೈನಿಕರು ಆ ಕಟ್ಟಡದ ಗೋಡೆಯನ್ನು ಒಡೆದು, ಬೋಗಿಯನ್ನು ಹೊರಗೆಳೆದು, 1918ರಲ್ಲಿ ನಿಂತಿದ್ದ ಜಾಗದಲ್ಲಿಯೇ ನಿಲ್ಲಿಸಿದರು. ಜೂನ್ 21ರಂದು ಹಿಟ್ಲರ್ ಬಂದು, ಬಂಡೆಯ ಮೇಲಿನ ಬರಹವನ್ನು ಓದಿ, ಫಾಶ್ ಕುಳಿತಿದ್ದ ಸ್ಥಾನದಲ್ಲಿ ಕುಳಿತ. ಅವನ ಜನರಲ್ ಕೈಟೆಲ್ ಷರತ್ತುಗಳ ಪೀಠಿಕೆಯನ್ನು ಓದಿ ಮುಗಿಸುತ್ತಿದ್ದಂತೆ ಹಿಟ್ಲರ್ ಎದ್ದು ಹೋದ. ಮರುದಿನ ಫ್ರಾನ್ಸ್‌ನ ಪರವಾಗಿ ಜನರಲ್ ಹುಂಟ್ಸಿಗರ್ ಸಹಿ ಹಾಕಿದರು. ನಂತರ ಬಯಲನ್ನು ಹಾಳುಗೆಡವಲು ಆಜ್ಞೆಯಾಯಿತು. ಖಡ್ಗ–ಗರುಡದ ಸ್ಮಾರಕವನ್ನು ಕಳಚಿದರು, ಬಂಡೆಯನ್ನೂ ಬೋಗಿಯನ್ನೂ ಬರ್ಲಿನ್‌ಗೆ ಸಾಗಿಸಿದರು. ಫಾಶ್ ಅವರ ಪ್ರತಿಮೆಯನ್ನು ಮಾತ್ರ ಹಾಗೆಯೇ ಬಿಟ್ಟರು. ಬಂಡೆ ಮತ್ತು ಖಡ್ಗ–ಗರುಡದ ಸ್ಮಾರಕ ಯುದ್ಧದ ನಂತರ ಮತ್ತೆ ಇಲ್ಲಿ ನೆಲೆಗೊಂಡವು. ಇಡೀ ಸಂಗ್ರಹಾಲಯದಲ್ಲಿ ನಿಧಾನವಾಗಿ ನೋಡಬೇಕಾದ ಭಾಗ ಇದು. ಸೇಡು ಎಂಬುದು ಎಷ್ಟು ಸಣ್ಣ ವಿವರಗಳನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಈ ಛಾಯಾಚಿತ್ರಗಳನ್ನು ನೋಡಿದಾಗ ತಿಳಿಯುತ್ತದೆ.

1940ರ ಷರತ್ತುಗಳನ್ನು ಓದಿದಾಗ ಇನ್ನೊಂದು ವಿಷಯ ಹೊಳೆಯುತ್ತದೆ. ಫ್ರಾನ್ಸ್‌ನ ಐದರಲ್ಲಿ ಮೂರು ಭಾಗ ಜರ್ಮನಿಯ ಆಕ್ರಮಣಕ್ಕೆ ಒಳಪಟ್ಟಿತು, ಆಕ್ರಮಿಸಿದ ಸೈನ್ಯದ ಖರ್ಚಿಗೆ ದಿನಕ್ಕೆ 40 ಕೋಟಿ ಫ್ರಾಂಕ್ ತೆರಬೇಕಾಯಿತು, ಹದಿನೈದು ಲಕ್ಷಕ್ಕೂ ಹೆಚ್ಚು ಸೈನಿಕರು ಸೆರೆಯಲ್ಲಿಯೇ ಉಳಿದರು. ಮೂರು ವಾರ ಕಳೆಯುವುದರೊಳಗೆ, ಜುಲೈ 10ರಂದು, ವಿಶಿ ಎಂಬ ಪಟ್ಟಣದಲ್ಲಿ ಸೇರಿದ ಸಂಸತ್ತು ಸಕಲ ಅಧಿಕಾರವನ್ನೂ ಮಾರ್ಷಲ್ ಪೆಟೇನ್ ಅವರ ಕೈಗಿತ್ತಿತು. ಫ್ರಾನ್ಸ್‌ನ ಮೂರನೆಯ ಗಣರಾಜ್ಯ ಕೊನೆಗೊಂಡು ಸರ್ವಾಧಿಕಾರ ಬಂತು. ಎರಡು ಸಂದರ್ಭಗಳ ದಾರಿ ಒಂದೇ ಅಲ್ಲ, ನಿಜ. ಆದರೂ ಎರಡರಲ್ಲೂ ಸೋತ ಗಣರಾಜ್ಯ ಬಾಳಲಿಲ್ಲ. ಈ ಹೋಲಿಕೆಯನ್ನು ಹೊಳೆಯಿಸಿದ್ದಕ್ಕೇ ನಾನು ಈ ಸ್ಮಾರಕಕ್ಕೆ ಋಣಿ.

ನೀವು ಕಾಣುವ ಬೋಗಿ ಮೂಲದ್ದಲ್ಲ. ಮೂಲ ಬೋಗಿ 1945ರಲ್ಲಿ ಜರ್ಮನಿಯ ತುರಿಂಗಿಯಾದಲ್ಲಿ ನಾಶವಾಯಿತು, ಉಳಿದ ಕೆಲವು ತುಣುಕುಗಳು ಇಲ್ಲಿವೆ. ಈಗಿರುವುದು 1913ರಲ್ಲಿ ಅದೇ ಸಾಲಿನಲ್ಲಿ ತಯಾರಾದ 2439 ಸಂಖ್ಯೆಯ ಬೋಗಿ. 1950ರ ನವೆಂಬರ್ 11ರಂದು ಅದಕ್ಕೆ ಹಳೆಯ ಸಂಖ್ಯೆಯನ್ನು ಕೊಟ್ಟು ಇಲ್ಲಿ ನಿಲ್ಲಿಸಿದರು. ಇದು ತಿಳಿದ ಮೇಲೆ ಕೆಲವರಿಗೆ ನಿರಾಸೆಯಾಗಬಹುದು, ನನಗೆ ಆಗಲಿಲ್ಲ. ಯುದ್ಧಕಾಲದ ಗಾಜಿನ ಛಾಯಾಚಿತ್ರಗಳನ್ನು ಮೂರು ಆಯಾಮಗಳಲ್ಲಿ ತೋರಿಸುವ ಹಳೆಯ ಮರದ ಸ್ಟೀರಿಯೋಸ್ಕೋಪ್ ಪೆಟ್ಟಿಗೆಗಳು ಇಲ್ಲಿನ ಇನ್ನೊಂದು ಆಕರ್ಷಣೆ; ಕಂದಕಗಳ ಕೆಸರು, ಕುದುರೆಗಳ ಕಳೇಬರ ಕಣ್ಣಿಗೆ ಅಷ್ಟು ಹತ್ತಿರ ಬರುವುದರಿಂದ ಚಿಕ್ಕ ಮಕ್ಕಳಿಗೆ ತೋರಿಸುವ ಮುನ್ನ ಯೋಚಿಸಿ. ಹೊರಗೆ ರೆನೊ ಎಫ್‌ಟಿ ಟ್ಯಾಂಕ್ ಒಂದಿದೆ.

ನಮಗೂ ಈ ಚರಿತ್ರೆಗೂ ಸಂಬಂಧವಿಲ್ಲ ಎಂದುಕೊಳ್ಳುವುದು ಬೇಡ. ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾಸಿಂಗ್ ಸಹಿ ಹಾಕಿದ್ದಾರೆ. ಅದಕ್ಕೆ ಎರಡೂವರೆ ತಿಂಗಳ ಹಿಂದಷ್ಟೇ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆದಿತ್ತು. ರಾಷ್ಟ್ರಗಳ ಸ್ವಯಂನಿರ್ಣಯದ ಮಾತು ಪ್ಯಾರಿಸ್‌ನಲ್ಲಿ ಎಷ್ಟೇ ಕೇಳಿಬಂದಿರಲಿ, ನಮಗೆ ಅದು ದಕ್ಕಲಿಲ್ಲ. ಈ ಕಾಡಿನಲ್ಲಿ ಸಹಿ ಬೀಳುವುದಕ್ಕೆ ಏಳು ವಾರಗಳ ಮೊದಲು, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ಪ್ಯಾಲೆಸ್ಟೈನ್‌ನ ಹೈಫಾ ಪಟ್ಟಣಕ್ಕಾಗಿ ಕಾದಾಡಿದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಪಡೆಯ ಸ್ಮಾರಕವಿದೆ.

2018ರ ನವೆಂಬರ್ 10ರಂದು ಫ್ರಾನ್ಸ್‌ನ ಅಧ್ಯಕ್ಷ ಮ್ಯಾಕ್ರಾನ್ ಮತ್ತು ಜರ್ಮನಿಯ ಆಗಿನ ಚಾನ್ಸಲರ್ ಮರ್ಕೆಲ್ ಒಟ್ಟಿಗೆ ಇಲ್ಲಿಗೆ ಬಂದು, ಎರಡೂ ದೇಶಗಳ ಸಖ್ಯವನ್ನು ಸ್ಮರಿಸುವ ಫಲಕವನ್ನು ಅನಾವರಣಗೊಳಿಸಿದರು. ಹಳೆಯ ಬಂಡೆಯ ಬರಹದೊಡನೆ ಈ ಫಲಕವನ್ನೂ ಓದಬೇಕು. 1945ರ ಸೋಲು ಜರ್ಮನಿಗೆ 1918ಕ್ಕಿಂತ ಭೀಕರವಾಗಿತ್ತು. ದೇಶವೇ ಹೋಳಾಯಿತು, ಗೆದ್ದವರ ಸೇನೆಗಳ ಹಿಡಿತದಲ್ಲಿ ಉಳಿಯಿತು. ಆದರೆ ಪಶ್ಚಿಮ ಜರ್ಮನಿಗೆ ಅಮೆರಿಕದ ಮಾರ್ಷಲ್ ಯೋಜನೆಯ ನೆರವು ಸಿಕ್ಕಿತು, 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕನ್ನು ಫ್ರಾನ್ಸ್‌ನೊಡನೆ ಒಂದೇ ಆಡಳಿತದಡಿ ತಂದರು, 1953ರ ಲಂಡನ್ ಒಪ್ಪಂದದಲ್ಲಿ ಹಳೆಯ ಸಾಲಗಳ ದೊಡ್ಡ ಭಾಗವನ್ನು ಬಿಟ್ಟುಕೊಟ್ಟರು. ಪರಿಹಾರಕ್ಕೆ ಸಂಬಂಧಿಸಿದ ಹಳೆಯ ಸಾಲಪತ್ರಗಳ ಕೊನೆಯ ಕಂತು ತೀರಿದ್ದು 2010ರ ಅಕ್ಟೋಬರ್ 3ರಂದು.

ಹೋಗುವವರಿಗೆ ಕೆಲವು ಮಾತು. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ಕೊಂಪಿಯೆನ್‌ಗೆ ನೇರ ರೈಲುಗಳಿವೆ, ಸುಮಾರು ಒಂದು ಗಂಟೆಯ ದಾರಿ. ಸ್ಮಾರಕ ಊರಿನಿಂದ ಕೆಲವು ಕಿಲೋಮೀಟರ್ ಆಚೆಗಿರುವುದರಿಂದ ಟ್ಯಾಕ್ಸಿ ಅಥವಾ ಸ್ವಂತ ವಾಹನ ಅನುಕೂಲ. ನಡೆಯಬಲ್ಲವರಿಗೆ, ಸೈಕಲ್ ಇರುವವರಿಗೆ ಕಾಡಿನ ದಾರಿ ಹಿತವಾಗಿದೆ. ತೆರೆದಿರುವ ದಿನ ಮತ್ತು ವೇಳೆಯನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ. ಅರ್ಧ ದಿನವನ್ನಾದರೂ ಇದಕ್ಕೆಂದೇ ಇಡಿ. ಅವಸರದ ಪ್ಯಾಕೇಜ್ ಪ್ರವಾಸದಲ್ಲಿ ಹದಿನೈದು ನಿಮಿಷ ನಿಲ್ಲಿಸಿ ಹೊರಡಿಸುವುದಾದರೆ ಬರದಿರುವುದೇ ಮೇಲು. ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುವ ಮೇಷ್ಟರುಗಳು ಮತ್ತು ಆ ತರಗತಿಯ ವಯಸ್ಸಿನ ಮಕ್ಕಳಿರುವ ಕುಟುಂಬಗಳಿಗೆ, ಯುರೋಪಿಗೆ ಬರುವ ಅವಕಾಶವಾದರೆ, ಪ್ಯಾರಿಸ್‌ನ ಸುತ್ತಮುತ್ತ ನಾನು ಎಲ್ಲಕ್ಕಿಂತ ಮೊದಲು ಹೇಳುವ ಜಾಗ ಇದೇ.